ದತ್ತಾಂಶದ ಚಿರಸಂರಕ್ಷಣೆ: ಬೆಂಗಳೂರಿನ ಮಹದೇವಪುರ ವಲಯವನ್ನು ಅನುಲಕ್ಷಿಸಿ ಒಂದು ಶಿಲಾಪಕ್ಷೀಯ ವಿವೇಚನೆ

ಸಂಶೋಧನಾ ದತ್ತಾಂಶವನ್ನು ಬಹುಕಾಲ ಕಾಪಿಡುವ ಸಾಧನಗಳು ನಾಲ್ಕು ಬಗೆ: ತಿರುಗುವಂಥದು, ಸುತ್ತಿಕೊಳ್ಳುವಂಥದು, ಬಾಡಿಗೆಗೆ ಸಿಗುವಂಥದು, ನೆಟ್ಟಲ್ಲೇ ನಿಲ್ಲುವಂಥದು. ಹಾರ್ಡ್ ಡಿಸ್ಕ್, ಟೇಪ್, ಕ್ಲೌಡ್, ಕಲ್ಲು ಎಂಬುವು ಕ್ರಮವಾಗಿ ಇವುಗಳ ವ್ಯವಹಾರನಾಮಗಳು. ಪೆನ್ ಡ್ರೈವ್ ಐದನೆಯದೆಂದು ಸಾಧಿಸುವ ಪಿಎಚ್‌ಡಿ ವಿದ್ಯಾರ್ಥಿಗಳ ಪಂಥವೊಂದುಂಟು. ಪ್ಯಾಂಟಿನ ಜೇಬಿನಲ್ಲೇ ಉಳಿದು ಒಗೆತಕ್ಕೆ ಹೋಗುವ ವಸ್ತುವನ್ನು ಶಾಸ್ತ್ರ ಪರಿಗಣಿಸುವುದಿಲ್ಲ.

ಹಾರ್ಡ್ ಡಿಸ್ಕಿನ ಭರವಸೆಯ ಆಯಸ್ಸು ಮೂರರಿಂದ ಐದು ವರ್ಷ. ಸಂಶೋಧನಾ ಅನುದಾನದ ಅವಧಿಯೂ ಬಹುತೇಕ ಅಷ್ಟೇ ಆದ್ದರಿಂದ ಇವೆರಡರ ಜಾತಕ ಚೆನ್ನಾಗಿ ಕೂಡಿಬರುತ್ತದೆ. ಟೇಪ್ ದೀರ್ಘಾಯು, ಒಂದು ಎಲ್‌ಟಿಒ-9 ಟೇಪು 18 ಟೆರಾಬೈಟ್ ಹಿಡಿದು, ತಯಾರಕರ ಲೆಕ್ಕದಲ್ಲಿ 30 ವರ್ಷ ಬಾಳುತ್ತದೆ. ಓದುವ ಯಂತ್ರಕ್ಕೆ ಅಷ್ಟು ತಾಳ್ಮೆಯಿಲ್ಲ. ಎಲ್‌ಟಿಒ-9 ಯಂತ್ರ ತನ್ನದನ್ನೂ ಎಲ್‌ಟಿಒ-8ನ್ನೂ ಓದುತ್ತದೆ, ಎಲ್‌ಟಿಒ-7ನ್ನು ಓದದು; ಅಪ್ಪನ ಅಕ್ಷರ ತಿಳಿಯುವ ಮಗನಿಗೆ ಅಜ್ಜನದು ತಿಳಿಯದು. ಟೇಪಿಗೆ ಇನ್ನೊಂದು ದೋಷ, ಅದನ್ನು ಮತ್ತೆ ಬಳಸಬಹುದು. ಅಪೊಲೊ 11ರ ಮೂಲ ಟೇಪುಗಳನ್ನು ನಾಸಾ ಅಳಿಸಿ ಮರುಬಳಕೆ ಮಾಡಿರಬೇಕೆಂಬುದು ಆ ಸಂಸ್ಥೆಯದೇ ಹುಡುಕಾಟದ ಫಲಿತಾಂಶ.

ಕ್ಲೌಡ್‌ನಲ್ಲಿ ಇಡುವುದಕ್ಕೂ ದುಡ್ಡು, ಹಿಂದಕ್ಕೆ ತರುವುದಕ್ಕೂ ದುಡ್ಡು. ಎರಡನೆಯದನ್ನು ಅನುದಾನದ ಅರ್ಜಿಯಲ್ಲಿ ಬರೆದವರು ವಿರಳ.

ಬ್ಯಾಕಪ್ಪೇ ಭಕ್ಷಕನಾಗುವುದೂ ಉಂಟು. 2021ರ ಡಿಸೆಂಬರಿನಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರಿನಲ್ಲಿ ಬ್ಯಾಕಪ್ ಪ್ರೋಗ್ರಾಮಿನ ದೋಷದಿಂದ ಸುಮಾರು 77 ಟೆರಾಬೈಟ್ ಅಳಿಸಿಹೋಯಿತು.

ಇನ್ನು ಶಿಲಾಪಕ್ಷ. ಮಹದೇವಪುರ ವಲಯದ ಐಟಿಪಿಎಲ್ ಟೆಕ್‌ಪಾರ್ಕ್ ಬಳಿಯ ಪಟ್ಟಂದೂರು ಕೆರೆಯ ಸಂಗತಿಯನ್ನು ಕಾಡುಗೋಡಿಯ ಚೋಳರ ಕಾಲದ ತಮಿಳು ಶಾಸನ 11ನೇ ಶತಮಾನದಿಂದ ಹೊತ್ತುಕೊಂಡಿದೆ. ಯುಪಿಎಸ್ ಇಲ್ಲ, ಎಸಿ ಇಲ್ಲ, ವಾರ್ಷಿಕ ನಿರ್ವಹಣಾ ಒಪ್ಪಂದವೂ ಇಲ್ಲ. 2022ರ ಸೆಪ್ಟೆಂಬರಿನ ಮಳೆಗೆ ಹೊರವರ್ತುಲ ರಸ್ತೆ ಮುಳುಗಿ ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದರು. ಆ ವಾರ ಯಾವ ಶಾಸನವೂ ಆಫ್‌ಲೈನ್ ಆದ ವರದಿಯಿಲ್ಲ.

ಆದರೆ ಧಾರಣಶಕ್ತಿಯ ಪ್ರಶ್ನೆ ಏಳುತ್ತದೆ. ಯೂನಿಕೋಡ್‌ನ ಯುಟಿಎಫ್-8ರಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್, ಕಾಗುಣಿತ ಸೇರಿದರೆ 6. ಕಲ್ಲೊಂದಕ್ಕೆ 500 ಅಕ್ಷರವೆಂದು ಹಿಡಿದರೆ ಸುಮಾರು 3,000 ಬೈಟ್. ಒಂದೇ ಒಂದು ಟೇಪಿನ ಸರಕಿಗೆ 600 ಕೋಟಿ ಕಲ್ಲು ಬೇಕು. ಇಷ್ಟು ಕಲ್ಲು ನೆಡಲು ಮಹದೇವಪುರದಲ್ಲಿ ಜಾಗವಿಲ್ಲ. ಇದ್ದಿದ್ದರೆ ಅಪಾರ್ಟ್‌ಮೆಂಟ್ ಎದ್ದಿರುತ್ತಿತ್ತು.

ಕಲ್ಲೂ ಅಮರವಲ್ಲ. ಶಾಸನತಜ್ಞ ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಅಚ್ಚು ಹಾಕಿಸಿದರು. ಅವುಗಳಲ್ಲಿ ಹಲವು ಕಲ್ಲುಗಳು ಈಗ ನಾಪತ್ತೆ, ಪಾಠ ಮಾತ್ರ ಕಾಗದದಲ್ಲಿ ಕ್ಷೇಮ. ಉಳಿದವನ್ನು ಮಿಥಿಕ್ ಸೊಸೈಟಿಯ ಯೋಜನೆಯೊಂದು 3ಡಿ ಸ್ಕ್ಯಾನ್ ಮಾಡುತ್ತಿದೆ. ಅರ್ಥಾತ್ ಡಿಸ್ಕಿಗಿಂತ ಕಲ್ಲು ಶ್ರೇಷ್ಠವೆಂದು ಸಾಧಿಸಿದ ಶಿಲಾಪಕ್ಷದ ಕಲ್ಲಿಗೆ ಬ್ಯಾಕಪ್ ಈಗ ಡಿಸ್ಕೇ. ತರ್ಕಶಾಸ್ತ್ರದಲ್ಲಿ ಇದು ಅನ್ಯೋನ್ಯಾಶ್ರಯ ದೋಷ. ಸಂರಕ್ಷಣಾಶಾಸ್ತ್ರದಲ್ಲಿ ಇದೇ ಸರಿಯಾದ ಪದ್ಧತಿ; ಉಳಿಸುವುದು ಮಾಧ್ಯಮವಲ್ಲ, ಪ್ರತಿಗಳ ಸಂಖ್ಯೆ. ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಓಲೆಪ್ರತಿ ಮಾಡಿಸಿದ ಅತ್ತಿಮಬ್ಬೆ ಓಲೆಯ ಗುಣಮಟ್ಟದ ಬಗ್ಗೆ ಸಮಿತಿ ರಚಿಸಿದಂತೆ ಕಾಣುವುದಿಲ್ಲ.

ಆದ್ದರಿಂದ ಸಿದ್ಧಾಂತ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ. ವೈಟ್‌ಫೀಲ್ಡೂ ಮಾರತಹಳ್ಳಿಯೂ ಟ್ರಾಫಿಕ್ಕಿನ ದೃಷ್ಟಿಯಿಂದ ಬೇರೆ ಬೇರೆ ಜಿಲ್ಲೆಗಳಾದರೂ ಮಳೆಯ ದೃಷ್ಟಿಯಿಂದ ಒಂದೇ ಊರು. ಯಂತ್ರದ ತಲೆಮಾರು ಬದಲಾಗುವ ಮುನ್ನ ಹೊಸ ಟೇಪಿಗೆ ನಕಲು, ವರ್ಷಕ್ಕೊಮ್ಮೆ ತೆರೆದು ಓದಿ ಚೆಕ್‌ಸಮ್ ತಾಳೆ. ಓದಿ ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎನ್ನುವಂತಿಲ್ಲ. ಕಲ್ಲನ್ನು ಸದ್ಯಕ್ಕೆ ಪಾಸ್‌ವರ್ಡ್ ಕೆತ್ತಿಸಲು ಮಾತ್ರ ಶಿಫಾರಸು ಮಾಡಬಹುದು. ಅದನ್ನು ಮೂರು ತಿಂಗಳಿಗೊಮ್ಮೆ ಬದಲಿಸಬೇಕೆಂಬ ಐಟಿ ವಿಭಾಗದ ನಿಯಮಕ್ಕೆ ಕಲ್ಲುಕುಟಿಗರ ಆಕ್ಷೇಪಣೆ ಏನೂ ಇಲ್ಲ.