ಸೂರ್ಯನ ಮಚ್ಚೆ

ಮೈಸೂರಿನ ಕುವೆಂಪುನಗರದ ತಾರಸಿಯಲ್ಲಿ ಸೂರ್ಯನ ಕಲೆ ನೋಡುತ್ತಿದ್ದೇನೆ ಎಂದರೆ ಪಕ್ಕದ ಮನೆಯ ರಾಯರು, "ಮಚ್ಚೆ ಎಡಕ್ಕೋ ಬಲಕ್ಕೋ? ಫಲ ಬೇರೆ ಕಣ್ರೀ" ಎಂದರು. ಹೋದ ವಾರ ಎಡಕ್ಕಿತ್ತು, ಈಗ ಬಲಕ್ಕಿದೆ ಎಂದೆ. ಗಾಬರಿಯಾದರು. 2019ರ ಡಿಸೆಂಬರ್ 26ರಂದು ಕೊಡಗಿನ ಕುಟ್ಟದಲ್ಲಿ ಗ್ರಹಣದಲ್ಲಿ ಸೂರ್ಯ ಬಳೆಯಾದಾಗ ಬಾಗಿಲು ಹಾಕಿಕೊಂಡು ಟಿವಿಯಲ್ಲಿ ನೋಡಿದವರು ಅವರು.

ಕಣ್ಣಿನ ವಿಷಯದಲ್ಲಿ ಮಾತ್ರ ಅವರ ಭಯ ಸರಿ. ತಂಪು ಕನ್ನಡಕ, ಎಕ್ಸ್‌ರೇ ಹಾಳೆ ಯಾವುದೂ ಸಲ್ಲದು. ದೂರದರ್ಶಕದೊಳಗೆ ಇಣುಕದೆ, ಹಿಂದೆ ಬಿಳಿ ಹಾಳೆ ಹಿಡಿದು, ಬಿದ್ದ ಬಿಂಬದ ಮೇಲೆ ಪೆನ್ಸಿಲಿನಿಂದ ದಿನಾ ಗುರುತು ಹಾಕಬೇಕು. ಕಲೆ ಸರಿಯುವುದು ಸೂರ್ಯ ತಾನೇ ತಿರುಗುವುದರಿಂದ; ಒಂದು ಸುತ್ತು ಮುಗಿಯಲು ನಮಗೆ ಕಾಣುವಂತೆ ಸುಮಾರು 27 ದಿನ. ನಾವೂ ಸೂರ್ಯನನ್ನು ಸುತ್ತುತ್ತಿರುವ ಲೆಕ್ಕ ಕಳೆದರೆ ನಡುಭಾಗದಲ್ಲಿ 25. ಧ್ರುವದತ್ತ ಇನ್ನೂ ನಿಧಾನ, ಅಪ್ಪಟ ಮೈಸೂರಿನವರು!

1909ರಲ್ಲಿ ಕೊಡೈಕನಾಲ್‌ನಲ್ಲಿ ಖಗೋಳವಿಜ್ಞಾನಿ ಎವರ್‌ಶೆಡ್ ಕಲೆಯೊಳಗಿನ ಅನಿಲ ಹೊರಕ್ಕೆ ಹರಿಯುವುದನ್ನು ಕಂಡುಹಿಡಿದರು ಎಂದೆ.

"ಗ್ಯಾಸ್ಟ್ರಿಕ್ಕಾ?" ಎಂದರು ರಾಯರು. "ಜೀರಿಗೆ ಕಷಾಯ ಕುಡಿಯಬೇಕಿತ್ತು."