ಹೆಸರಿನ ಜಾಗ ಖಾಲಿ

ಹಲಬರ್ಗಾದಿಂದ ರೈಲು ಹತ್ತಿ ಬೀದರಿಗೆ ಹೋಗಿದ್ದೆ, ಒಂದು ಕಚೇರಿ ಕೆಲಸಕ್ಕೆ. ಯಾವ ಕಚೇರಿ ಎಂದು ಕೇಳಬೇಡಿ. ಯಾವುದಕ್ಕೆ ಹೋದರೂ ಇದೇ ಹೊಗೆ.

ಬಾಗಿಲಲ್ಲೇ ಬೋರ್ಡು: ಇಲ್ಲಿ ಧೂಮಪಾನ ಅಪರಾಧ. ಅದರ ಕೆಳಗೇ ಒಬ್ಬರು ಬೀಡಿ ಎಳೆಯುತ್ತಿದ್ದರು. ಓದು ಬಾರದವರಲ್ಲ. ಊರವರ ಅರ್ಜಿ ಓದುವುದೇ ಅವರ ನೌಕರಿ.

2008ರ ಗಾಂಧಿ ಜಯಂತಿಯಂದು ಜಾರಿಗೆ ಬಂದ ನಿಯಮ ಬೋರ್ಡಿನ ಅಳತೆಯನ್ನೂ ಹೇಳುತ್ತದೆ: 60 ಸೆಂ.ಮೀ., 30 ಸೆಂ.ಮೀ. ಅಳತೆಯಲ್ಲಿ ಒಂದು ನೂಲೂ ಕಮ್ಮಿಯಿಲ್ಲ. ದೂರು ಯಾರಿಗೆ ಕೊಡಬೇಕೆಂಬ ಹೆಸರೂ ಬೋರ್ಡಿನಲ್ಲಿರಬೇಕು. ಆ ಜಾಗ ಖಾಲಿ. ದೂರು ಬಂದೂ ಸುಮ್ಮನಿದ್ದರೆ, ಎಷ್ಟು ಜನ ಸೇದಿದರೋ ಅಷ್ಟೂ ದಂಡ ಜವಾಬ್ದಾರರ ತಲೆಗೆ. ಯಾರು ಬರೆಸಿಕೊಂಡಾರು ಹೆಸರು?

ಬೂದಿಬಟ್ಟಲು, ಕಡ್ಡಿಪೆಟ್ಟಿಗೆ ಇಡಬಾರದು ಎಂದೂ ನಿಯಮವಿದೆ. ಬೂದಿಬಟ್ಟಲು ಇರಲಿಲ್ಲ. ಹೂಕುಂಡ ಇತ್ತು. ಹೂ ಇರಲಿಲ್ಲ.

ದಂಡ ಮಾತ್ರ ಬೆಳೆಯುತ್ತಿದೆ. 200 ರೂಪಾಯಿ ಇದ್ದದ್ದು 2025ರ ಮೇ ತಿಂಗಳಲ್ಲಿ, ರಾಷ್ಟ್ರಪತಿ ಅಂಕಿತ ಬಿದ್ದ ಮೇಲೆ, ಕರ್ನಾಟಕದಲ್ಲಿ ಸಾವಿರವಾಯಿತು. 21 ತುಂಬದವರಿಗೆ ಮಾರುವಂತಿಲ್ಲ. ಬಿಡಿ ಸಿಗರೇಟು ಮಾರುವಂತಿಲ್ಲ. ಕಚೇರಿ ಎದುರಿನ ಡಬ್ಬಿ ಅಂಗಡಿಯಲ್ಲಿ ಬಿಡಿಯಾಗಿಯಲ್ಲದೆ ಯಾರೂ ಕೊಂಡದ್ದನ್ನು ನಾನು ಕಂಡಿಲ್ಲ. ಲೈಟರನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟಿದ್ದಾನೆ. ಆ ರಸ್ತೆಯಲ್ಲಿ ಕೆಟ್ಟು ನಿಲ್ಲದ ಸಾರ್ವಜನಿಕ ಸೌಲಭ್ಯ ಅದೊಂದೇ.

ಗುಟ್ಖಾ 2013ರಲ್ಲೇ ನಿಷೇಧವಾಯಿತು. ಒಂದು ಚೀಟು ಹೋಗಿ ಎರಡು ಬಂದವು. ಸುಪಾರಿ ಬೇರೆ, ತಂಬಾಕು ಬೇರೆ. ಬೆರೆಸುವ ಕೆಲಸ ಬಾಯಿಗೆ ಬಿತ್ತು. ಉಗಿದದ್ದು ಕಚೇರಿ ಮೆಟ್ಟಿಲ ಮೂಲೆಗೆ ಬಿತ್ತು.

ಮೇಲಿನವರೇನು ಕಮ್ಮಿಯೇ? ಎಲ್‌ಐಸಿ ತನ್ನ ಟರ್ಮ್ ಪಾಲಿಸಿಯಲ್ಲಿ ಸೇದುವವನಿಂದ ಹೆಚ್ಚು ಪ್ರೀಮಿಯಂ ಕೀಳುತ್ತದೆ, ಬೇಗ ಸಾಯುತ್ತಾನೆಂದು. ಅದೇ ಎಲ್‌ಐಸಿ ಸಿಗರೇಟು ಮಾರುವ ಐಟಿಸಿಯ ದೊಡ್ಡ ಷೇರುದಾರ. ಸೇದಿದರೂ ಲಾಭ, ಸತ್ತರೆ ಮಾತ್ರ ಲುಕ್ಸಾನು.

ನನ್ನ ಕೆಲಸ ಅವತ್ತು ಆಗಲಿಲ್ಲ. ಸಿಟ್ಟು ತಡೆಯದೆ ಅಲ್ಲೇ ಬೆಂಚಿನ ಮೇಲೆ ಕೂತು ದೂರು ಬರೆದೆ. ಯಾರಿಗೆ ಕೊಡಬೇಕೆಂದು ಒಳಗೆ ಕೇಳಿದರೆ ಎಲ್ಲರೂ ಬಾಗಿಲ ಕಡೆ ಕೈ ತೋರಿಸಿದರು.

ಬೀಡಿಯವರು ಕೊನೆಯ ದಮ್ಮು ಎಳೆದು ಒಳಗೆ ಬಂದರು. ‘ನಾನೇ ತಗೋತೀನ್ರಿ, ಕೊಡ್ರಿ ಇಲ್ಲಿ’ ಎಂದರು. ಟೇಬಲ್ಲಿನ ಮೇಲಿಟ್ಟು, ಫ್ಯಾನಿನ ಗಾಳಿಗೆ ಹಾರದಿರಲೆಂದು ಅದರ ಮೇಲೆ ಮಾಚೀಸ್ ಡಬ್ಬಿ ಇಟ್ಟರು.