ರಕ್ತಪರೀಕ್ಷೆಗೂ ಒಂದು ಮುಹೂರ್ತ

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಲ್ಲಿ ಸಾವಿರ ವರ್ಷದಷ್ಟು ಹಳೆಯ ಕಲ್ಲೇಶ್ವರ ಗುಡಿ ಇದೆ. ಅದನ್ನು ಕಡೆದವರು ಮಿಥುನ ಶಿಲ್ಪಗಳಿಗೂ ಜಾಗ ಕೊಟ್ಟರು. ಯಾರಪ್ಪನ ಅಂಜಿಕೆಯೂ ಅವರಿಗಿರಲಿಲ್ಲ. ಆ ಶಿಲ್ಪಗಳ ಮುಂದೆ ನಿಂತು ನಮ್ಮ ಸಂಸ್ಕೃತಿಯ ಬಗ್ಗೆ ಅರ್ಧ ಗಂಟೆ ಭಾಷಣ ಬಿಗಿಯುವ ಗಂಡಸೇ ಆಸ್ಪತ್ರೆಯಲ್ಲಿ 'ಏನಾಗೇತಪ್ಪ?' ಎಂದು ಕೇಳಿದರೆ ತಲೆ ತಗ್ಗಿಸಿ, 'ಸ್ವಲ್ಪ ಉಷ್ಣ ಆಗೇತ್ರಿ' ಅನ್ನುತ್ತಾನೆ.

ಉಷ್ಣಕ್ಕೆ ಮಜ್ಜಿಗೆ, ಎಳನೀರು. ಸಂಗದಿಂದ ಹತ್ತಿದ ಗೊನೊರಿಯಾ ಇವೆರಡನ್ನೂ ಕುಡಿದು ಆರಾಮಾಗಿ ಇರುತ್ತದೆ. ಆಮೇಲೆ ಬಸ್ ನಿಲ್ದಾಣದ ಮೂತ್ರಾಲಯದ ಗೋಡೆ ಕರೆಯುತ್ತದೆ: 'ಗುಪ್ತರೋಗ ತಜ್ಞರು, ತಿಂಗಳಿಗೊಮ್ಮೆ, ಲಾಡ್ಜಿನಲ್ಲಿ.' ರೋಗ ಎಲ್ಲಿ ಹತ್ತಿತೋ ಅಲ್ಲೇ ಚಿಕಿತ್ಸೆಯೂ ಸಿಗುತ್ತದಲ್ಲ, ಅನುಕೂಲ.

ಈ ತಜ್ಞರ ಕೀರ್ತಿಗೆ ಕಾರಣ ಸಿಫಿಲಿಸ್. ಅದರ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ. ಔಷಧಿ ಹಚ್ಚಿದರೂ ಬಿಟ್ಟರೂ ಮೂರರಿಂದ ಆರು ವಾರದಲ್ಲಿ ತಾನೇ ಮಾಯುತ್ತದೆ. ಭಸ್ಮ ಕೊಟ್ಟವರಿಗೆ ಹೆಸರು, ಹರಕೆ ಹೊತ್ತವನಿಗೆ ಸಮಾಧಾನ. ರೋಗ ಮಾತ್ರ ಸದ್ದಿಲ್ಲದೆ ಒಳಗೆ ಸೇರಿಕೊಂಡಿರುತ್ತದೆ. ವರ್ಷಗಳ ಮೇಲೆ ಮಿದುಳು, ಹೃದಯವನ್ನೂ ಹಿಡಿಯಬಹುದು. ಶುರುವಿನಲ್ಲೇ ಗೊತ್ತಾದರೆ ಒಂದು ಪೆನಿಸಿಲಿನ್ ಇಂಜೆಕ್ಷನ್ ಸಾಕು. ಆದರೆ ಇಂಜೆಕ್ಷನ್ನಿನಲ್ಲಿ ಏನು ಗುಟ್ಟಿದೆ ಹೇಳಿ?

ಬೋರ್ ಕೊರೆಸಲು, ಟ್ರ್ಯಾಕ್ಟರ್ ತರಲು ನಮಗೆ ಪಂಚಾಂಗ ಬೇಕು. ಪರೀಕ್ಷೆಗೂ ಮುಹೂರ್ತ ಇದೆಯೆಂದರೆ ನಗು. ಶನಿವಾರ ರಾತ್ರಿ 'ಗೆಳೆಯರ ಮದುವೆಗೆ' ಹೋದವನು ಸೋಮವಾರ ಬೆಳಿಗ್ಗೆ ಎಚ್‌ಐವಿ ಪರೀಕ್ಷೆ ಮಾಡಿಸಿ, 'ನೆಗೆಟಿವ್' ಚೀಟಿಯನ್ನು ಲ್ಯಾಮಿನೇಟ್ ಮಾಡಿಸುವುದೊಂದು ಬಾಕಿ. ಅಷ್ಟು ಬೇಗ ಯಾವ ಪರೀಕ್ಷೆಗೂ ಎಚ್‌ಐವಿ ಸಿಗುವುದಿಲ್ಲ. ಬೆರಳು ಚುಚ್ಚಿ ಮಾಡುವ ಪರೀಕ್ಷೆಯಲ್ಲಿ ಕಾಣಲು 90 ದಿನದವರೆಗೂ ಹಿಡಿಯಬಹುದು. ಗೊನೊರಿಯಾ, ಕ್ಲಮೈಡಿಯಾಕ್ಕೆ ಸುಮಾರು ಎರಡು ವಾರ. ಸಿಫಿಲಿಸ್‌ಗೆ ಕೆಲವು ವಾರ, ಅನುಮಾನ ಉಳಿದರೆ ಮೂರು ತಿಂಗಳಿಗೆ ಇನ್ನೊಮ್ಮೆ. ಸೋಮವಾರ ಬೆಳಿಗ್ಗೆಯೇ ಓಡಬೇಕಾದ್ದು ಬೇರೆ ಕೆಲಸಕ್ಕೆ: ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ನುಂಗಬೇಕು. ಅದನ್ನು ಕೇಳಲು ಮಾತ್ರ ಇವನು ಮೂರು ತಿಂಗಳು ಕಾಯುತ್ತಾನೆ.

'ಮೈಯಾಗ ಏನೂ ಇಲ್ಲಲ್ಲ, ಯಾಕ್ ಪರೀಕ್ಷೆ?' ಇದು ಘಟಾನುಘಟಿಗಳ ವಾದ. ಈ ಸೋಂಕುಗಳಲ್ಲಿ ಬಹುಪಾಲು ಲಕ್ಷಣವೇ ತೋರಿಸುವುದಿಲ್ಲ. ಆದ್ದರಿಂದ ನೋಡಬೇಕಾದ್ದು ಮೈಯನ್ನಲ್ಲ, ನಡೆದದ್ದನ್ನು: ಹೊಸ ಸಂಗ, ಹರಿದ ನಿರೋಧ್, ಜೊತೆಗಿದ್ದವರಿಗೆ ಸೋಂಕು ಎಂಬ ಸುದ್ದಿ. ಸಂಗಾತಿಗಳು ಬದಲಾಗುತ್ತಿದ್ದರೆ ಮೂರೋ ಆರೋ ತಿಂಗಳಿಗೊಮ್ಮೆ. ಮದುವೆಗೆ ಮುಂಚೆ ಜಾತಕದ ಮೂವತ್ತಾರು ಗುಣ ಎಣಿಸುವ ಹಿರಿಯರು ಮೂವತ್ತೇಳನೆಯದಾಗಿ ಈ ಪರೀಕ್ಷೆಯನ್ನೂ ಸೇರಿಸಬಹುದು, ಇಬ್ಬರೂ ಒಪ್ಪಿದರೆ.

ಸದ್ಯ ಮನೆಗೆಲ್ಲ ಒಬ್ಬಳೇ ಪರೀಕ್ಷೆ ಬರೆಯುತ್ತಾಳೆ: ಬಸುರಿ ಸೊಸೆ. ತಾಯಿ ಕಾರ್ಡ್ ಮಾಡಿಸುವಾಗ ಎಚ್‌ಐವಿ, ಸಿಫಿಲಿಸ್ ಎರಡಕ್ಕೂ ಅವಳ ರಕ್ತ ತೆಗೆಯುತ್ತಾರೆ. ಕಾಫಿ ಸೀಮೆಗೆ ಗುಳೆ ಹೋಗಿ ಬಂದ ಗಂಡ ಹೊರಗೆ ಬೈಕ್ ಮೇಲೆ ಕೂತು ಮೊಬೈಲ್ ಒತ್ತುತ್ತಾನೆ. ವರದಿ ಕೆಟ್ಟು ಬಂದರೆ ಅತ್ತೆಯ ತೀರ್ಪು ಸಿದ್ಧ: 'ಇದು ತವರಿನಿಂದ ಬಂದದ್ದು.' ವರದಕ್ಷಿಣೆಯ ಪಟ್ಟಿಯಲ್ಲಿ ಇದೊಂದನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿಯಲ್ಲಿ, ಅಂದರೆ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಎಚ್‌ಐವಿ ಪರೀಕ್ಷೆ ಉಚಿತ. ದೂರವಾಣಿಯೇ ಸಾಕೆನ್ನುವವರಿಗೆ ಸಹಾಯವಾಣಿ 1097 ಇದೆ. ಗುಟ್ಟು ಕಾಯಬೇಕೆಂದು 2017ರ ಎಚ್‌ಐವಿ ಕಾಯ್ದೆಯೂ ಹೇಳುತ್ತದೆ. ಆದರೆ ಲ್ಯಾಬಿನ ಹುಡುಗ ನಮ್ಮ ಸೋದರತ್ತೆಯ ಊರಿನವನೋ ಏನೋ ಎಂದು ಕಾಯ್ದೆಗೆ ಗೊತ್ತೇ? ಹಾಗಾಗಿ ಧೈರ್ಯವಂತರು ದಾವಣಗೆರೆ ಬಸ್ ಹತ್ತುತ್ತಾರೆ. ಲ್ಯಾಬಿನ ಬಾಗಿಲಲ್ಲಿ ಊರಿನ ಮಾವ ಎದುರಾಗುತ್ತಾರೆ.

'ಏನೋ ತಮ್ಮ, ಇಲ್ಲಿ?'

'ಶುಗರ್ ತೋರಿಸಾಕ ಬಂದಿದ್ದೆ ಮಾವ. ನೀವು?'

'ನಂದೂ ಶುಗರ್ರೇ.'